ರಿಪೇರಿಯವನು ಆರಿಸಿದ ಕಂಪ್ಯೂಟರ್

ಮೌಂಟ್ ರೋಡಿನಿಂದ ಚಿಂತಾದ್ರಿಪೇಟೆಯ ಕಡೆಗೆ ಒಳಹೊಕ್ಕರೆ ಸಿಗುವ ರಿಚ್ಚಿ ಸ್ಟ್ರೀಟ್ ಚೆನ್ನೈನವರಿಗೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದಂತೆ. ರೇಡಿಯೊ ಬಿಡಿಭಾಗ ಮಾರುತ್ತಿದ್ದ ಅಂಗಡಿಗಳ ಸಾಲು ಟೇಪ್ ರೆಕಾರ್ಡರ್, ಟಿವಿ, ಕಂಪ್ಯೂಟರ್ ಎಂದು ಹೊರಳುತ್ತ ಬಂದು, ಈಗ ಪಕ್ಕದ ನರಸಿಂಗಪುರಂ ಸ್ಟ್ರೀಟು, ಮೀರಾನ್ ಸಾಹೇಬ್ ಸ್ಟ್ರೀಟುಗಳಿಗೂ ಹಬ್ಬಿದೆ. ಕಂಪನಿಗಳು ಕೆಲವು ವರ್ಷ ದುಡಿಸಿ ಕೈಬಿಟ್ಟ ಡೆಸ್ಕ್‌ಟಾಪುಗಳು ಇಲ್ಲಿ ಮೈ ಒರೆಸಿಕೊಂಡು, ಪ್ಲಾಸ್ಟಿಕ್ ಸುತ್ತಿಕೊಂಡು ಮತ್ತೆ ಮಾರಾಟಕ್ಕೆ ಕೂರುತ್ತವೆ. ‘ಐ7 ಸಾರ್, ಎಂಟು ಜಿಬಿ, ಮಾನಿಟರ್ ಫ್ರೀ’ ಎಂಬುದು ಇಲ್ಲಿನ ಕೂಗು. ಯಾವ ತಲೆಮಾರಿನ ಐ7 ಎಂದು ಕೇಳಿದರೆ ಅಂಗಡಿಯವರು ಕ್ಷಣ ಮೌನ ತಾಳಿ, ‘ಸ್ಪೀಡಾಗಿ ಓಡುತ್ತೆ ಸಾರ್, ನೀವೇ ನೋಡಿ’ ಎಂದು ಸ್ವಿಚ್ ಒತ್ತುತ್ತಾರೆ.

ಆ ಮೌನದಲ್ಲೇ ವ್ಯಾಪಾರವಿದೆ. ಇಂಟೆಲ್‌ನ ಐ7-2600 ಮಾರುಕಟ್ಟೆಗೆ ಬಂದದ್ದು 2011ರ ಜನವರಿಯಲ್ಲಿ. ಅದರ ಬಿಸಿಯ ಲೆಕ್ಕ 95 ವ್ಯಾಟ್. ಅದೇ ಇಂಟೆಲ್ 2023ರಲ್ಲಿ ಬಿಟ್ಟ ಎನ್100 ಎಂಬ ಪುಟ್ಟ ಪ್ರೊಸೆಸರಿನ ಲೆಕ್ಕ 6 ವ್ಯಾಟ್. ಮನೆಯ ಕೆಲಸದ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಹನ್ನೆರಡು ವರ್ಷದಲ್ಲಿ ತಂತ್ರಜ್ಞಾನ ಗಳಿಸಿದ್ದು ಇಷ್ಟು. ಆದರೆ ಎನ್100 ಎಂಬ ಹೆಸರಿಗೆ ಐ7 ಎಂಬ ಹೆಸರಿನ ಗತ್ತಿಲ್ಲವಾಗಿ, ಗಿರಾಕಿ ಹಳೆಯ ಡಬ್ಬಿಯನ್ನೇ ಹೊತ್ತು ಆಟೊ ಹತ್ತುತ್ತಾನೆ. ಹೈಫನ್ನಿನ ಆಚೆ ಮೊದಲು ಬರುವ ಒಂದೆರಡು ಅಂಕಿಗಳನ್ನು ನೋಡುವುದನ್ನು ಕಲಿತರೆ ಅರ್ಧ ಮೋಸ ತಪ್ಪುತ್ತದೆ: 2600 ಎಂದರೆ ಎರಡನೇ ತಲೆಮಾರು, 8400 ಎಂದರೆ ಎಂಟನೆಯದು, 10400 ಎಂದರೆ ಹತ್ತನೆಯದು. ಎಂಟನೇ ತಲೆಮಾರಿನ ಐ3 ಎರಡನೇ ತಲೆಮಾರಿನ ಐ7ಗಿಂತ ಮನೆಗೆ ಎಷ್ಟೋ ಮೇಲು. ಅದಕ್ಕೆ ಇನ್ನೊಂದು ಕಾರಣವೂ ಇದೆ, ಮುಂದೆ ಬರುತ್ತದೆ.

ಅಷ್ಟಕ್ಕೂ ಮನೆಯಲ್ಲಿ ಕಂಪ್ಯೂಟರ್ ಮಾಡುವ ಕೆಲಸವೇನು? ಬ್ಯಾಂಕಿನ ವ್ಯವಹಾರ, ವಿದ್ಯುತ್ ಬಿಲ್ಲು, ರೈಲು ಟಿಕೆಟ್, ಮಕ್ಕಳ ಶಾಲೆಯ ಪ್ರಾಜೆಕ್ಟು, ಅಮೆರಿಕದಲ್ಲಿರುವ ಮೊಮ್ಮಗುವಿನೊಂದಿಗೆ ವಿಡಿಯೊ ಮಾತು, ಯಕ್ಷಗಾನದ ಯೂಟ್ಯೂಬು, ವರ್ಷಕ್ಕೊಮ್ಮೆ ಆದಾಯ ತೆರಿಗೆಯ ಅರ್ಜಿ. ಇವುಗಳಲ್ಲಿ ಬಹುಪಾಲು ನಡೆಯುವುದು ಬ್ರೌಸರಿನೊಳಗೆ. ಪ್ರೊಸೆಸರ್ ದಿನದ ಹೆಚ್ಚು ಹೊತ್ತು ಕೈಕಟ್ಟಿ ಕೂತಿರುತ್ತದೆ. ‘ಕಂಪ್ಯೂಟರ್ ಸ್ಲೋ ಆಗಿದೆ’ ಎಂದು ಜನ ಗೊಣಗುವಾಗ ಹತ್ತರಲ್ಲಿ ಒಂಬತ್ತು ಸಲ ನಿಧಾನವಾಗಿರುವುದು ತಿರುಗುವ ಹಾರ್ಡ್ ಡಿಸ್ಕು, ಇಲ್ಲವೇ ಸಾಲದೆ ಬಿದ್ದ ರ‍್ಯಾಮು. ಡಿಸ್ಕು ತೆಗೆದು ಅದರ ಜಾಗದಲ್ಲಿ 256 ಜಿಬಿಯ ಎಸ್‌ಎಸ್‌ಡಿ ಕೂರಿಸಿದರೆ, 2013ರ ಯಂತ್ರವೂ ನಾಲ್ಕು ನಿಮಿಷದ ಬದಲು ಅರ್ಧ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಈ ಒಂದು ಕೆಲಸದಲ್ಲಿ ರಿಚ್ಚಿ ಸ್ಟ್ರೀಟನ್ನು ಮೀರಿಸುವವರಿಲ್ಲ. ನೀವು ಪಕ್ಕದ ಅಂಗಡಿಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಹಳೆಯ ಡಿಸ್ಕಿನಲ್ಲಿದ್ದುದೆಲ್ಲ ಹೊಸದಕ್ಕೆ ನಕಲಾಗುತ್ತಿರುತ್ತದೆ, ಹುಡುಗ ಸ್ಕ್ರೂ ಬಿಗಿಯುತ್ತಿರುತ್ತಾನೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮಿನ ಬೆಲೆ ಏರಿರುವಾಗ, ಇರುವ ಯಂತ್ರವನ್ನೇ ಹೀಗೆ ಚೇತರಿಸಿಕೊಳ್ಳುವುದು ಜಾಣತನ.

ಕಡಿಮೆ ವಿದ್ಯುತ್ತಿನ ಕಂಪ್ಯೂಟರ್ ಎಂದು ಭಾಷಣ ಮಾಡುವವರ ಲೆಕ್ಕವನ್ನೂ ಸ್ವಲ್ಪ ಪರೀಕ್ಷಿಸಬೇಕು. ತಮಿಳುನಾಡಿನಲ್ಲಿ ಮನೆಯ ವಿದ್ಯುತ್ ಬಿಲ್ಲು ಎರಡು ತಿಂಗಳಿಗೊಮ್ಮೆ. ಮೊದಲ 100 ಯೂನಿಟ್ ಉಚಿತ. 500 ದಾಟಿದರೆ ಕೆಳಗಿನ ಯೂನಿಟ್‌ಗಳ ದರವೂ ಬದಲಾಗಿ ಬಿಲ್ಲು ಒಮ್ಮೆಲೇ ಜಿಗಿಯುತ್ತದೆ. ಹಾಗಾಗಿ ಇಲ್ಲಿನ ಗೃಹಿಣಿಯರು 480, 490 ಎಂದು ಮೀಟರ್ ನೋಡುತ್ತಲೇ ಇರುತ್ತಾರೆ. ಹಳೆಯ ಟವರ್ ಡೆಸ್ಕ್‌ಟಾಪು 60 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡು ದಿನಕ್ಕೆ ಎಂಟು ಗಂಟೆ ಓಡಿಸಿದರೆ ಎರಡು ತಿಂಗಳಿಗೆ ಸುಮಾರು 29 ಯೂನಿಟ್. ಎನ್100ನಂಥ ಮಿನಿ ಪಿಸಿ 10 ವ್ಯಾಟಿನಲ್ಲಿ ಅದೇ ಕೆಲಸ ಮುಗಿಸಿದರೆ ಐದು ಯೂನಿಟ್. ಉಳಿತಾಯ 24 ಯೂನಿಟ್. ಕೇಳಲು ಚೆನ್ನಾಗಿದೆ. ಆದರೆ ಕತ್ತರಿ ಬಿಸಿಲಿನಲ್ಲಿ, ಅಂದರೆ ಮೇ ತಿಂಗಳ ಅಗ್ನಿ ನಕ್ಷತ್ರದ ದಿನಗಳಲ್ಲಿ, ಅದೇ ಕೋಣೆಯ ಎಸಿ ಮೂರ್ನಾಲ್ಕು ರಾತ್ರಿಗಳಲ್ಲಿ ಅಷ್ಟನ್ನು ತಿಂದು ಮುಗಿಸುತ್ತದೆ. ವಿದ್ಯುತ್ ಉಳಿಸಲೆಂದೇ ಹೊಸ ಕಂಪ್ಯೂಟರ್ ಕೊಳ್ಳುವವರು ಆ ಹಣ ಹುಟ್ಟಲು ಹತ್ತಾರು ವರ್ಷ ಕಾಯಬೇಕು. ಲ್ಯಾಪ್‌ಟಾಪೊಂದು ತನ್ನ ಬಾಳಿನಲ್ಲಿ ಉಗುಳುವ ಇಂಗಾಲದ ದೊಡ್ಡ ಪಾಲು ಅದನ್ನು ಕಾರ್ಖಾನೆಯಲ್ಲಿ ತಯಾರಿಸುವಾಗಲೇ ಮುಗಿದಿರುತ್ತದೆ ಎಂಬುದು ಕಂಪನಿಗಳ ಸ್ವಂತ ವರದಿಗಳಲ್ಲೇ ಇದೆ. ಇರುವ ಯಂತ್ರವನ್ನು ಇನ್ನೂ ಐದು ವರ್ಷ ಓಡಿಸುವುದಕ್ಕಿಂತ ಹಸಿರಾದ ಕಂಪ್ಯೂಟರ್ ಯಾವ ಅಂಗಡಿಯಲ್ಲೂ ಸಿಗದು.

ಕಡಿಮೆ ವ್ಯಾಟಿನ ಯಂತ್ರದಿಂದ ಚೆನ್ನೈನಲ್ಲಿ ಆಗುವ ನಿಜವಾದ ಲಾಭ ಬಿಲ್ಲಿನಲ್ಲಿ ಕಾಣುವುದಿಲ್ಲ. ಬಿಸಿ ಕಡಿಮೆ, ಫ್ಯಾನು ಚಿಕ್ಕದು ಅಥವಾ ಇಲ್ಲವೇ ಇಲ್ಲ. ಬೆಸೆಂಟ್ ನಗರ, ತಿರುವಾನ್ಮಿಯೂರಿನ ಉಪ್ಪುಗಾಳಿಯನ್ನೂ ಧೂಳನ್ನೂ ಒಳಗೆಳೆದುಕೊಳ್ಳುವ ಬಾಯಿ ಅಷ್ಟರಮಟ್ಟಿಗೆ ಮುಚ್ಚಿರುತ್ತದೆ. ಕರೆಂಟ್ ಹೋದಾಗ ಸಣ್ಣ ಯುಪಿಎಸ್ಸೂ ಬಹಳ ಹೊತ್ತು ತಡೆದುಕೊಳ್ಳುತ್ತದೆ. ಇದಕ್ಕೂ ಮುಖ್ಯವಾದದ್ದು ಇನ್ನೊಂದಿದೆ, ಯಾವ ಕ್ಯಾಟಲಾಗೂ ಹೇಳದ್ದು. 2015ರ ಡಿಸೆಂಬರಿನ ನೆರೆಯಲ್ಲಿ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ, ವೇಳಚೇರಿ, ಪಳ್ಳಿಕರಣೈ ಕಡೆ ನೆಲಮಾಳಿಗೆಗೂ ತಳಮಹಡಿಗೂ ನೀರು ನುಗ್ಗಿದಾಗ ಮೊದಲು ಮುಳುಗಿದ್ದು ಮೇಜಿನ ಕೆಳಗಿಟ್ಟ ಟವರುಗಳು. ಅಂಗೈಯಗಲದ ಮಿನಿ ಪಿಸಿಯನ್ನೋ ಲ್ಯಾಪ್‌ಟಾಪನ್ನೋ ಚೀಲಕ್ಕೆ ಹಾಕಿಕೊಂಡು ಮಹಡಿ ಹತ್ತಬಹುದು. ಈ ಊರಿನಲ್ಲಿ ಕಂಪ್ಯೂಟರಿನ ದಕ್ಷತೆಯನ್ನು ಅಳೆಯುವವರು ಅದರ ತೂಕವನ್ನೂ ಕೇಳಬೇಕು.

ಇನ್ನು ಕಾರ್ಯಾಚರಣ ವ್ಯವಸ್ಥೆ. ಯಾರೂ ಹಾಗೆ ಕರೆಯುವುದಿಲ್ಲ, ‘ಓಎಸ್’ ಎನ್ನುತ್ತಾರೆ. ಅದನ್ನು ಮನೆಯವರು ಆರಿಸುತ್ತಾರೆಂದು ನಂಬುವುದೇ ಒಂದು ಭ್ರಮೆ. ಯಂತ್ರ ಕೆಟ್ಟಾಗ ಬಂದು ನೋಡುವ ಹುಡುಗನಿಗೆ ಯಾವುದು ಗೊತ್ತೋ ಅದು ಮನೆಯ ಓಎಸ್. ಅವನ ಜೇಬಿನ ಪೆನ್‌ಡ್ರೈವಿನಲ್ಲಿ ವಿಂಡೋಸ್ ಇದೆ, ಪರವಾನಗಿಯ ಬೀಗ ಒಡೆಯುವ ಪುಟ್ಟ ತಂತ್ರಾಂಶವೂ ಇದೆ. ‘ಫುಲ್ ಫಾರ್ಮ್ಯಾಟ್ ಮಾಡಿ ಕೊಡ್ತೀನಿ ಅಂಕಲ್’ ಎನ್ನುತ್ತಾನೆ. ಮುನ್ನೂರೋ ಐನೂರೋ ಕೊಟ್ಟರೆ ಮುಗಿಯಿತು. ಯಾರು ಬರೆದದ್ದೋ ಗೊತ್ತಿಲ್ಲದ ಆ ಬೀಗ ಒಡೆಯುವ ತಂತ್ರಾಂಶ ಕೆಲಸ ಮಾಡಲು ಆಂಟಿವೈರಸ್ಸನ್ನು ಮೊದಲು ಆಫ್ ಮಾಡಬೇಕು. ಅದೇ ಯಂತ್ರದಲ್ಲಿ ಮರುದಿನ ಪಿಂಚಣಿ ಖಾತೆಯ ಪಾಸ್‌ವರ್ಡ್ ಟೈಪಿಸುತ್ತೇವೆ. ಒಂದು ಲಕ್ಷದ ಠೇವಣಿಗೆ ಎರಡು ಸಹಿ ಕೇಳುವ ಹಿರಿಯರೂ ಇದನ್ನು ಕಂಡು ಕಾಣದಂತಿರುವುದು ನನಗೆ ಇಂದಿಗೂ ಬೆರಗಿನ ವಿಷಯ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ ನಿಲ್ಲಿಸಿದ ಮೇಲೆ ಈ ಕಥೆಗೆ ಹೊಸ ಅಧ್ಯಾಯ ಸೇರಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಆಮೇಲಿನದು ಬೇಕು. ಎರಡನೇ ತಲೆಮಾರಿನ ಐ7 ಕೊಂಡವರು ಇಲ್ಲೇ ಎಡವುವುದು. ಕೆನಾಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲೇ ಜಗತ್ತಿನಲ್ಲಿ ಸುಮಾರು 24 ಕೋಟಿ ಪಿಸಿಗಳು ಈ ಕಾರಣಕ್ಕೆ ಕಸವಾಗಬಹುದೆಂದು ಅಂದಾಜಿಸಿತ್ತು. ಮನೆಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟು ಸಿಗುವ ಏರ್ಪಾಡನ್ನು ಮೈಕ್ರೊಸಾಫ್ಟೇ ಮಾಡಿದೆ. ಆದರೆ ರಿಪೇರಿಯವರ ಬಾಯಲ್ಲಿ ಆ ಮಾತು ಬರುವುದು ಕಡಿಮೆ. ‘ಬೈಪಾಸ್ ಮಾಡಿ ಹನ್ನೊಂದು ಹಾಕ್ತೀನಿ’ ಎನ್ನುವುದೇ ಅವರ ಉತ್ತರ. ಬೈಪಾಸ್ ಆಗುತ್ತದೆ, ಸುಳ್ಳಲ್ಲ. ನಾಳೆ ಯಾವ ಅಪ್‌ಡೇಟು ಬಾಗಿಲಲ್ಲೇ ನಿಂತುಬಿಡುತ್ತದೋ ಎಂಬುದಕ್ಕೆ ಮಾತ್ರ ಯಾರೂ ಹೊಣೆಯಲ್ಲ.

ಹಳೆಯ ಯಂತ್ರಕ್ಕೆ ನೇರವಾದ ದಾರಿ ಲಿನಕ್ಸ್ ಎಂಬ ಮುಕ್ತ ಓಎಸ್. ಅದನ್ನು ಮನೆಮನೆಗೆ ತಲುಪಿಸುವ ಅತಿ ದೊಡ್ಡ ಪ್ರಯೋಗ ನಡೆದದ್ದೂ ಇದೇ ರಾಜ್ಯದಲ್ಲಿ. ತಮಿಳುನಾಡು ಸರ್ಕಾರದ ಎಲ್‌ಕಾಟ್ ಸಂಸ್ಥೆ, ಸಿ. ಉಮಾಶಂಕರ್ ಅದರ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ದಿನಗಳಲ್ಲಿ, 2007ರ ಸುಮಾರಿಗೆ, ತನ್ನ ಯಂತ್ರಗಳನ್ನು ಸೂಸೆ ಲಿನಕ್ಸಿಗೆ ಬದಲಿಸಿಕೊಂಡಿತ್ತು. ಅದೇ 2007ರಲ್ಲಿ ಕೇಂದ್ರ ಸರ್ಕಾರದ ಸಿಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರ ಬಾಸ್ ಎಂಬ ಭಾರತೀಯ ಲಿನಕ್ಸಿನ ಮೊದಲ ಆವೃತ್ತಿ ಹೊರತಂದಿತು. 2011ರ ಸೆಪ್ಟೆಂಬರ್ 15ರಂದು, ಅಣ್ಣಾದುರೈ ಜನ್ಮದಿನದಂದು, ಜಯಲಲಿತಾ ಸರ್ಕಾರ ತಿರುವಳ್ಳೂರು ಜಿಲ್ಲೆಯಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಲು ಶುರುಮಾಡಿದಾಗ ಆ ಯಂತ್ರಗಳಲ್ಲಿ ವಿಂಡೋಸ್ ಒಂದು ಕಡೆ, ಬಾಸ್ ಇನ್ನೊಂದು ಕಡೆ. ಗುಂಡಿ ಒತ್ತಿದರೆ ಯಾವುದು ಬೇಕೆಂದು ಕೇಳುತ್ತಿತ್ತು. ಮುಂದಿನ ವರ್ಷಗಳಲ್ಲಿ ಹಂಚಿದ ಲ್ಯಾಪ್‌ಟಾಪುಗಳ ಸಂಖ್ಯೆ 50 ಲಕ್ಷದ ಆಸುಪಾಸು. ಲಿನಕ್ಸಿಗೆ ಇದಕ್ಕಿಂತ ದೊಡ್ಡ ಅವಕಾಶ ಭಾರತದಲ್ಲಿ ಒದಗಿದ್ದಿಲ್ಲ.

ಫಲಿತಾಂಶ? ನನ್ನ ಕಣ್ಣಿಗೆ ಬಿದ್ದ ಆ ಲ್ಯಾಪ್‌ಟಾಪುಗಳಲ್ಲಿ, ಹೊರಗೆ ಮುಖ್ಯಮಂತ್ರಿಯ ಚಿತ್ರ ಹಾಗೇ ಇರುತ್ತಿತ್ತು, ಒಳಗೆ ಬಾಸ್ ಇರುತ್ತಿರಲಿಲ್ಲ. ಯಾರೋ ಬಂದು ‘ಫಾರ್ಮ್ಯಾಟ್’ ಮಾಡಿ ಆ ಜಾಗವನ್ನು ಸಿನಿಮಾಗಳಿಗೆ ಬಿಡಿಸಿಕೊಟ್ಟಿರುತ್ತಿದ್ದರು. ಇದನ್ನು ಬಾಸಿನ ಸೋಲೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ಎಣಿಕೆಯಲ್ಲಿ ಅದು ತಪ್ಪು ತೀರ್ಪು. ಬಾಸಿನ ತಿರುಳು ಡೆಬಿಯನ್. ಅದರ ಮೇಲೆ ಭಾರತೀಯ ಭಾಷೆಗಳ ಸೌಕರ್ಯ, ಒಂದಿಷ್ಟು ಉಡುಗೆತೊಡುಗೆ. ಡೆಬಿಯನ್ ಜಗತ್ತಿನ ಅತ್ಯಂತ ಗಟ್ಟಿ ಓಎಸ್‌ಗಳಲ್ಲೊಂದು. ಹಾಗೆ ನೋಡಿದರೆ ಆಗಿನ 2 ಜಿಬಿ ರ‍್ಯಾಮಿನ ಯಂತ್ರಕ್ಕೆ ವಿಂಡೋಸಿಗಿಂತ ಅದೇ ಹಗುರ. ಸ್ವದೇಶಿ ಎಂಬ ಪಟ್ಟಿ ಹಚ್ಚಿದ್ದರಿಂದ ಅದು ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಸರ್ಕಾರ ಕೊಟ್ಟದ್ದು ಮೆನುವಿನಲ್ಲಿ ಒಂದು ಸಾಲು. ಆ ಸಾಲನ್ನು ಒತ್ತಿದ ಮಗು ವೈಫೈ ಸಿಗದೆ ಕೂತರೆ ಕೇಳಲು ಒಬ್ಬ ಮೇಷ್ಟರಿಲ್ಲ, ಪಕ್ಕದ ಮನೆಯ ಅಣ್ಣನಿಲ್ಲ, ರಿಚ್ಚಿ ಸ್ಟ್ರೀಟಿನಲ್ಲಿ ಅಂಗಡಿಯಿಲ್ಲ. 2013ರಲ್ಲಿ, ಮರುವರ್ಷದ ಏಪ್ರಿಲಿಗೆ ವಿಂಡೋಸ್ ಎಕ್ಸ್‌ಪಿ ಬೆಂಬಲ ಮುಗಿಯುತ್ತದೆಂದು, ಬಾಸ್‌ನಂಥ ಮುಕ್ತ ತಂತ್ರಾಂಶ ಬಳಸುವಂತೆ ಸರ್ಕಾರ ತನ್ನ ಇಲಾಖೆಗಳಿಗೇ ಸೂಚಿಸಿತ್ತು. ಆಮೇಲೂ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಕಾಣುವುದು ವಿಂಡೋಸಿನ ಕಿಟಕಿಯೇ.

ಇದಕ್ಕೆ ಎದುರು ಸಾಕ್ಷಿ ಬೇಕಾದರೆ ಕಾಸರಗೋಡಿಗೆ ಹೋಗಬೇಕು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, ಅದು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು, ಸರ್ಕಾರಿ ಶಾಲೆಗಳನ್ನು ಲಿನಕ್ಸಿಗೆ ಒಗ್ಗಿಸಿತು. ಅಲ್ಲಿ ಮಾಡಿದ್ದು ಬೇರೇನೂ ಅಲ್ಲ: ಮೊದಲು ಮೇಷ್ಟರುಗಳಿಗೆ ತರಬೇತಿ, ಆಮೇಲೆ ಪಠ್ಯಪುಸ್ತಕ, ಆಮೇಲೆ ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯನ್ನೂ ಅದರ ಮೇಲೆಯೇ ನಡೆಸಿದ್ದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಠ್ಯ ಕನ್ನಡದಲ್ಲೇ ಇದೆ. ಕುಂಬಳೆ, ಮಂಜೇಶ್ವರದ ಕಡೆಯ ಹುಡುಗನಿಗೆ ಜಿಂಪಿನಲ್ಲಿ ಚಿತ್ರ ತಿದ್ದುವುದೂ ಲಿಬ್ರೆ ಆಫೀಸಿನಲ್ಲಿ ಪಟ್ಟಿ ಮಾಡುವುದೂ ಶಾಲೆಯ ಪಾಠ, ಸಾಹಸವಲ್ಲ. ತಮಿಳುನಾಡು ಯಂತ್ರ ಕೊಟ್ಟು ಕೈಬಿಟ್ಟಿತು. ಕೇರಳ ಯಂತ್ರದ ಜೊತೆಗೆ ಕೇಳಬಹುದಾದ ಒಬ್ಬ ಮನುಷ್ಯನನ್ನೂ ಕೊಟ್ಟಿತು. ತಂತ್ರಾಂಶ ಎರಡೂ ಕಡೆ ಡೆಬಿಯನ್ ಕುಲದ್ದೇ.

ಪಶ್ಚಿಮ ಮಾಂಬಲಂನಲ್ಲಿರುವ ನನ್ನ ದೊಡ್ಡಪ್ಪನ ಯಂತ್ರವನ್ನು ಲಿನಕ್ಸಿಗೆ ಬದಲಿಸಿದಾಗ, ಕೇಳಲು ಒಬ್ಬ ಮನುಷ್ಯ ಬೇಕೆಂಬ ಈ ಮಾತು ನನಗೆ ಮನೆಯೊಳಗೇ ತಾಳೆಯಾಯಿತು. ಬ್ಯಾಂಕಿನಿಂದ ನಿವೃತ್ತರು, ಕನ್ನಡ ಸಂಘದ ಸ್ಮರಣ ಸಂಚಿಕೆಗಳಿಗೆ ಲೇಖನ ಬರೆಯುವವರು. ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಕೂರಿಸಿದ್ದಾಯಿತು. ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ, 4 ಜಿಬಿ ರ‍್ಯಾಮಿನಲ್ಲಿ ಆರಾಮವಾಗಿ ಓಡುತ್ತದೆ, ಕೆಳಗಿನ ಪಟ್ಟಿ, ಮೂಲೆಯ ಮೆನು ಎಲ್ಲ ಹಳೆಯ ವಿಂಡೋಸಿನ ಜಾಗದಲ್ಲೇ ಇವೆ. ಮೇಲ್, ಯೂಟ್ಯೂಬ್, ಬ್ಯಾಂಕು ಯಾವುದಕ್ಕೂ ತಕರಾರಿಲ್ಲ. ತಕರಾರು ಎದ್ದದ್ದು ಅವರ ಹಳೆಯ ಲೇಖನಗಳ ಫೋಲ್ಡರ್ ತೆರೆದಾಗ. ಕನ್ನಡ ಇರಬೇಕಾದಲ್ಲಿ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’ಗಳ ಸಂತೆ, ನಡುನಡುವೆ ಪೌಂಡ್ ಗುರುತು.

‘ಏನಪ್ಪಾ, ಇಷ್ಟು ವರ್ಷ ಬರೆದಿದ್ದೆಲ್ಲ ಹೋಯ್ತಾ?’

‘ಇಲ್ಲ ದೊಡ್ಡಪ್ಪ, ಎಲ್ಲಾ ಇದೆ. ಆ ಪೌಂಡ್ ಇದೆಯಲ್ಲ, ಅದು ನಿಮ್ಮ ನಕಾರ.’

ಅವರು ಬಳಸಿದ್ದ ಹಳೆಯ ನುಡಿ ಫಾಂಟುಗಳು ಕನ್ನಡದಲ್ಲಿ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಉಪಾಯ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗಿಟ್ಟ ಏರ್ಪಾಡು. ಪಿ ಇದ್ದಲ್ಲಿ ಕ, ಪೌಂಡ್ ಇದ್ದಲ್ಲಿ ನ. ಆ ಫಾಂಟು ಯಂತ್ರದಲ್ಲಿ ಇಲ್ಲವಾದರೆ ಬಾಡಿಗೆದಾರ ಮಾಯವಾಗಿ ಮನೆಯೊಡೆಯ ಮಾತ್ರ ಕಾಣುತ್ತಾನೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ರೂಪಿಸಿದ ಅರವಿಂದ ವಿ.ಕೆ. ಅವರೇ ಇಂಥ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕವನ್ನೂ ಮಾಡಿಟ್ಟಿದ್ದಾರೆ. ಒಂದೊಂದೇ ಲೇಖನ ಅದರಲ್ಲಿ ಹಾಯ್ದು ಬಂತು. ಅರ್ಕಾವೊತ್ತು ಬಂದಲ್ಲಿ ಒಂದೆರಡು ಕಡೆ ಕೈಯಿಂದ ತಿದ್ದಬೇಕಾಯಿತು. ಕೀಲಿಮಣೆಯ ಭಯ ಮಾತ್ರ ಕ್ಷಣದಲ್ಲೇ ಕರಗಿತು. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸ ತಾನಾಗಿ ಕೂತಿದೆ. ನುಡಿ ಕೊಟ್ಟ ಅದೇ ಕನ್ನಡ ಗಣಕ ಪರಿಷತ್ತಿನ ಹೆಸರು, ಕೆ.ಪಿ. ರಾವ್ ಅವರ ಅದೇ ಜೋಡಣೆ. ಹಿಂದಿ, ಸಂಸ್ಕೃತ, ಮರಾಠಿ, ತೆಲುಗುಗಳ ಪಟ್ಟಿಯಲ್ಲೂ ಕಗಪ ಇದೆ. ಬೆಂಗಳೂರಿನ ಒಂದು ಪರಿಷತ್ತಿನ ಹೆಸರು ಜಗತ್ತಿನ ಲಿನಕ್ಸ್ ಯಂತ್ರಗಳೊಳಗೆ ಹೀಗೆ ಸದ್ದಿಲ್ಲದೆ ಸೇರಿಕೊಂಡಿರುವುದನ್ನು ನಮ್ಮ ರಾಜ್ಯೋತ್ಸವದ ಭಾಷಣಕಾರರು ಯಾಕೆ ಬಿಟ್ಟಿದ್ದಾರೋ ತಿಳಿಯದು.

ಸೋತದ್ದು ಪ್ರಿಂಟರಿನ ಮುಂದೆ. ಹದಿನೈದು ವರ್ಷದಿಂದ ಎಲ್ಲ ಝೆರಾಕ್ಸ್ ಅಂಗಡಿಗಳಲ್ಲೂ ಕಾಣುವಂಥ, ಕೆಡದೇ ದುಡಿಯುವ ಪುಟ್ಟ ಲೇಸರ್ ಪ್ರಿಂಟರ್ ಅದು. ಅದರ ತಯಾರಕರು ಲಿನಕ್ಸಿಗೆ ಕೊಟ್ಟ ಚಾಲಕ ತಂತ್ರಾಂಶ ಒಮ್ಮೆ ಓಡಿದರೆ ಇನ್ನೊಮ್ಮೆ ಓಡದು. ಲಿನಕ್ಸ್ ಪ್ರೇಮಿಗಳು ಇಂಥದ್ದನ್ನು ಸಣ್ಣ ತೊಂದರೆ ಎಂದು ತಳ್ಳಿಹಾಕುತ್ತಾರೆ. ಮನೆಯಲ್ಲಿ ಅದು ಸಣ್ಣದಲ್ಲ, ಆಧಾರ್ ಪ್ರತಿ ಬೇಕಾದ ದಿನ ಅದೊಂದೇ ದೊಡ್ಡದು. ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಜಿಎಸ್‌ಟಿ ಸಲ್ಲಿಸುವವರು, ಆದಾಯ ತೆರಿಗೆಯ ಆಫ್‌ಲೈನ್ ತಂತ್ರಾಂಶ ಬಳಸುವವರು ವಿಂಡೋಸ್ ಬಿಡುವ ಮಾತೇ ಬೇಡ. ಅವರಿಗೆ ಎಂಟನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಯಂತ್ರ, ದುಡ್ಡು ಕೊಟ್ಟ ಪರವಾನಗಿ, ಅಷ್ಟೇ. ಕಂಪನಿಗಳ ಆ ಹಳೆಯ ಯಂತ್ರಗಳಲ್ಲಿ ಎಷ್ಟೋ ವೇಳೆ ವಿಂಡೋಸಿನ ಅಸಲಿ ಪರವಾನಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಬೀಗ ಒಡೆಯುವ ಅಗತ್ಯವೇ ಇರುವುದಿಲ್ಲ. ಆದರೂ ಒಡೆಯುತ್ತಾರೆ, ರೂಢಿಯ ಬಲದಿಂದ.

ಕ್ರೋಮ್‌ಬುಕ್ಕಿನ ಬಗ್ಗೆ ಎರಡು ಮಾತು. ಚೆನ್ನೈನ ಹೊರವಲಯದ ಕಾರ್ಖಾನೆಯಲ್ಲಿ 2023ರ ಅಕ್ಟೋಬರಿನಿಂದ ಎಚ್‌ಪಿ ಇವನ್ನು ಜೋಡಿಸುತ್ತಿದೆ. ಹತ್ತು ವರ್ಷದ ಅಪ್‌ಡೇಟಿನ ಭರವಸೆಯನ್ನು ಗೂಗಲ್ ಕೊಟ್ಟಿದೆ. ಬ್ರೌಸರಿನಾಚೆ ಏನೂ ಬೇಡದ ಅಜ್ಜಿಗೆ ಇದಕ್ಕಿಂತ ನಿಶ್ಚಿಂತೆಯ ಯಂತ್ರ ಕಡಿಮೆ. 4 ಜಿಬಿಯ ಅಗ್ಗದ ಮಾದರಿಯನ್ನು ಮಾತ್ರ ಮುಟ್ಟಬೇಡಿ, ಹತ್ತು ವರ್ಷದ ಅಪ್‌ಡೇಟು ಬಂದರೂ ಹತ್ತು ವರ್ಷದ ತಾಳ್ಮೆ ನಿಮಗಿರುವುದಿಲ್ಲ. ಆಪಲ್ಲಿನ ಎಂ ಸರಣಿಯ ಯಂತ್ರಗಳು ವಿದ್ಯುತ್ತಿನ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು, ಮ್ಯಾಕ್‌ಬುಕ್ ಏರ್‌ನಲ್ಲಿ 2020ರ ಎಂ1ರಿಂದ ಫ್ಯಾನೇ ಇಲ್ಲ. ದಕ್ಷತೆಯೊಂದೇ ಮಾನದಂಡವಾದರೆ ಚರ್ಚೆ ಅಲ್ಲಿಗೆ ಮುಗಿಯಬೇಕು. ಆದರೆ ಅದರ ರ‍್ಯಾಮು ಹೆಚ್ಚಿಸಲು ಬರುವುದಿಲ್ಲ, ಕೆಟ್ಟರೆ ರಿಚ್ಚಿ ಸ್ಟ್ರೀಟಿನ ಹುಡುಗ ಕೈಯಾಡಿಸಲು ಹಿಂಜರಿಯುತ್ತಾನೆ.

2025ರ ಮಾರ್ಚಿನ ಬಜೆಟ್ಟಿನಲ್ಲಿ ತಮಿಳುನಾಡು ಸರ್ಕಾರ ಎರಡು ವರ್ಷಗಳಲ್ಲಿ 20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪು ಅಥವಾ ಟ್ಯಾಬ್ಲೆಟ್ ಕೊಡುವುದಾಗಿ ಹೇಳಿತು. ಟೆಂಡರಿನಲ್ಲಿ ಬರೆದ ಯಂತ್ರ ಮನೆಬಳಕೆಗೆ ಒಪ್ಪುವಂಥದ್ದೇ: 8 ಜಿಬಿ ರ‍್ಯಾಮು, 256 ಜಿಬಿ ಎಸ್‌ಎಸ್‌ಡಿ. ರಿಚ್ಚಿ ಸ್ಟ್ರೀಟಿನ ಬೋರ್ಡುಗಳಿಗಿಂತ ಸರ್ಕಾರದ ಗುಮಾಸ್ತರೇ ಈ ಸಲ ಸರಿಯಾಗಿ ಲೆಕ್ಕ ಹಾಕಿದ್ದಾರೆ. ಓಎಸ್ ಸಾಲಿನಲ್ಲಿ ಮತ್ತೆ ವಿಂಡೋಸ್, ಜೊತೆಗೆ ಬಾಸ್. ಕಾಲೇಜಿಗೊಬ್ಬ ಉಪನ್ಯಾಸಕರಿಗೆ ಒಂದು ವಾರ ಬಾಸಿನ ತರಬೇತಿ ಕೊಡಿಸಿ, ಪ್ರಿಂಟರು ಕೂರಿಸುವುದನ್ನೂ ವೈಫೈ ಸರಿಪಡಿಸುವುದನ್ನೂ ಕಲಿಸಿ, ಅವರ ಕೋಣೆಯ ಬಾಗಿಲಿಗೆ ಹೆಸರು ಅಂಟಿಸುವಷ್ಟು ಖರ್ಚು ಇಂಥ ಬಜೆಟ್ಟಿನಲ್ಲಿ ಕಣ್ಣಿಗೇ ಕಾಣದು. ಅದನ್ನು ಮಾಡದಿದ್ದರೆ ಈ ಯಂತ್ರಗಳಲ್ಲೂ ಬಾಸ್ ತನ್ನ ಜಾಗವನ್ನು ಮೊದಲ ಸೆಮಿಸ್ಟರಿನಲ್ಲೇ ಸಿನಿಮಾಗಳಿಗೆ ಬಿಟ್ಟುಕೊಡುತ್ತದೆ, ಫಾರ್ಮ್ಯಾಟ್ ಮಾಡಲು ಹುಡುಗರೂ ಸಿದ್ಧರಿದ್ದಾರೆ.